ವಿಶಿ ಫೋಟೊದ ಅಡಿಯಲ್ಲಿದ್ದ ಉದ್ರಿ ಲೆಕ್ಕ

ಮಾನ್ಯ ಸಂಪಾದಕರೇ,

ಓದುಗರ ಪತ್ರ ಅಂದರೆ ರಸ್ತೆ ಗುಂಡಿ, ಬಾರದ ಬಸ್ಸು, ಹೋದ ಕರೆಂಟು. ನಾನೂ ಹಿಂದೆ ಬೀದಿ ದೀಪದ ಬಗ್ಗೆ ಎರಡು ಸಲ ಬರೆದಿದ್ದೆ. ಒಂದು ಪತ್ರ ಅಚ್ಚಾಯಿತು. ದೀಪ ಹತ್ತಲಿಲ್ಲ. ಈ ಸಲ ದೂರು ಏನೂ ಇಲ್ಲ. ಒಂದು ಸಣ್ಣ ಕೋರಿಕೆ ಇದೆ. ಅದಕ್ಕೆ ಮುಂಚೆ ಸ್ವಲ್ಪ ಉದ್ದದ ಕಥೆ ಇದೆ. ಪುರುಸೊತ್ತು ಮಾಡಿಕೊಂಡು ಓದಿ.

ನನ್ನ ಮೊಮ್ಮಗಳು ಏಳನೇ ಕ್ಲಾಸು. ಕರ್ನಾಟಕದ ಆಟಗಾರರ ಬಗ್ಗೆ ಸ್ಕ್ರ್ಯಾಪ್ ಬುಕ್ ಮಾಡಿಕೊಂಡು ಬನ್ನಿ ಅಂತ ಶಾಲೆಯಲ್ಲಿ ಹೇಳಿದ್ದಾರೆ. ಸಂಜೆ ನನ್ನ ಮಗ ಅವಳನ್ನು ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಗೆ ಕರೆದುಕೊಂಡು ಹೋದ. ಅರ್ಧ ಗಂಟೆಯಲ್ಲಿ ವಾಪಸ್ ಬಂದರು. ಕುಂಬ್ಳೆ, ದ್ರಾವಿಡ್, ಪ್ರಕಾಶ್ ಪಡುಕೋಣೆ, ಬಿನ್ನಿ, ಎಲ್ಲರೂ ಬಣ್ಣದಲ್ಲಿ, ಒಂದೇ ಅಳತೆಯಲ್ಲಿ. ಊಟದ ಹೊತ್ತಿಗೆ ಅಂಟಿಸಿ ಮುಗಿಸಿದಳು. ಚೆನ್ನಾಗೇ ಇತ್ತು, ಸುಳ್ಳು ಹೇಳಬಾರದು. ಆದರೂ ನಾನು ಸುಮ್ನೆ ಇರಲಾರದೆ ಉಳಿದಿದ್ದ ಒಂದು ಫೋಟೊ ತಿರುಗಿಸಿ ನೋಡಿದೆ. ಹಿಂದೆ ಬಿಳಿ. ಏನೂ ಇಲ್ಲ.

'ಯಾಕೆ ತಾತ, ಹಿಂದೆ ಏನಿರಬೇಕಿತ್ತು?' ಅಂದಳು.

ಅಟ್ಟದ ಮೇಲಿನ ಟ್ರಂಕು ಇಳಿಸಲು ಅಷ್ಟು ನೆಪ ಸಾಕಾಯಿತು.

ನಮ್ಮಪ್ಪನದು ತರೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಣ್ಣ ದಿನಸಿ ಅಂಗಡಿ. ಮನೆಗೆ ಪೇಪರ್ ತರಿಸುವಷ್ಟು ಅನುಕೂಲ ಇರಲಿಲ್ಲ. ಆದರೆ ಪೇಪರ್ ಬರುತ್ತಿತ್ತು, ತೂಕದ ಲೆಕ್ಕದಲ್ಲಿ. ಮೇಷ್ಟ್ರ ಮನೆಯದು, ತೋಟದ ಮನೆಯದು, ಡಾಕ್ಟರ ಮನೆಯದು. ಪೊಟ್ಟಣ ಕಟ್ಟಲು. ಹಾಗಾಗಿ ನಾನು ಓದುತ್ತಿದ್ದ ಸುದ್ದಿಗೆ ಯಾವಾಗಲೂ ಒಂದೆರಡು ತಿಂಗಳು ವಯಸ್ಸಾಗಿರುತ್ತಿತ್ತು. ಅದೂ ಹಿಂದುಮುಂದು. ಗೆದ್ದ ಸುದ್ದಿ ಇವತ್ತು, ಆಟ ಶುರುವಾದ ಸುದ್ದಿ ಮುಂದಿನ ವಾರ. ಹೋಟೆಲಿನ ರೇಡಿಯೊದಲ್ಲಿ ಕೇಳಿ ಸ್ಕೋರ್ ಗೊತ್ತಿರುತ್ತಿತ್ತು ಅನ್ನಿ. ಆದರೆ ಫೋಟೊ ರೇಡಿಯೊದಲ್ಲಿ ಬರಲ್ಲವಲ್ಲ.

ಫೋಟೊ ಕತ್ತರಿಸಲು ಅಪ್ಪ ಬಿಡುತ್ತಿರಲಿಲ್ಲ. 'ತೂತು ಬಿದ್ದ ಹಾಳೆಯಲ್ಲಿ ಸಕ್ಕರೆ ನಿಲ್ಲುತ್ತೇನೋ?' ಅನ್ನುತ್ತಿದ್ದರು. ಅದೂ ಸರಿಯೇ. ಒಂದು ಹಾಳೆ ನಾಲ್ಕು ಮಾಡಿದರೆ ಕಾಲು ಕೆಜಿ ಸಕ್ಕರೆ ಪೊಟ್ಟಣ, ಎಂಟು ಮಾಡಿದರೆ ಸಾಸಿವೆ, ಜೀರಿಗೆ. ಕೊನೆಗೆ ಒಂದು ಒಪ್ಪಂದ ಆಯಿತು. ನೂರು ಪೊಟ್ಟಣ ಸುತ್ತಿಟ್ಟರೆ ಒಂದು ಹಾಳೆ ನನ್ನದು. ನನ್ನ ಕಟಿಂಗ್‌ಗಳಲ್ಲಿ ಒಂದೂ ಪುಕ್ಕಟೆ ಬಂದಿದ್ದಲ್ಲ.

ಯಾರ ಫೋಟೊ ಅಂತ ಕೇಳಬೇಕೆ? ಬ್ಯಾಟ್ಸ್‌ಮನ್ ಜಿ.ಆರ್. ವಿಶ್ವನಾಥ್, ನಮ್ಮೆಲ್ಲರ ವಿಶಿ, ಹುಟ್ಟಿದ್ದು ಭದ್ರಾವತಿಯಲ್ಲಿ. ನಮಗೆ ಭದ್ರಾವತಿ ಅಂದರೆ ಪಕ್ಕದ ಊರು, ನೆಂಟರ ಊರು. ನಾನು ಒಂಬತ್ತು ವರ್ಷದವನಿದ್ದಾಗ, 1969ರಲ್ಲಿ, ಕಾನ್ಪುರದಲ್ಲಿ ಆಸ್ಟ್ರೇಲಿಯಾ ಮೇಲೆ ಮೊದಲ ಟೆಸ್ಟ್ ಆಡಿದರು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಆಮೇಲೆ ನಮ್ಮ ಊರಿನ ಹುಡುಗರೆಲ್ಲ ಗದ್ದೆ ಬದುವಿನ ಮೇಲೆ ನಿಂತು ಅವರ ಹಾಗೆ ಸ್ಕ್ವೇರ್ ಕಟ್ ಹೊಡೆಯಲು ಶುರು ಮಾಡಿದೆವು. ಚೆಂಡು ಬೇರೆ ಕಡೆ ಹೋದರೂ ಅದು ಸ್ಕ್ವೇರ್ ಕಟ್ಟೇ.

1971ರಲ್ಲಿ ನಮ್ಮ ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್ ಲಂಡನ್ನಿನ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ತೆಗೆದ ಸುದ್ದಿ ಕಟಿಂಗ್ ನಾನು ಕತ್ತರಿಸಿದ್ದಲ್ಲ. ಗೊತ್ತಾಗುವ ಮೊದಲೇ ಅಪ್ಪ ಆ ಹಾಳೆಯಲ್ಲಿ ಬೆಲ್ಲ ಕಟ್ಟಿ ಕೊಟ್ಟುಬಿಟ್ಟಿದ್ದರು. ಎರಡು ದಿನ ಕಳೆದ ಮೇಲೆ ಕೆಳಗಿನ ಕೇರಿ ಹುಡುಗನೊಬ್ಬ ಅದನ್ನು ಬಿಡಿಸಿಕೊಂಡು ತಂದು ಕೊಟ್ಟ. ಬದಲಿಗೆ ಒಂದು ಪೆಪ್ಪರಮೆಂಟು ತೆಗೆದುಕೊಂಡ. ಆ ಹಾಳೆಯಲ್ಲಿ ಚಂದ್ರ ಅವರ ಬಲಗೈ ಇರುವ ಜಾಗದಲ್ಲಿ ಬೆಲ್ಲದ ಕಲೆ ಇದೆ. ಇರುವೆ ಕೊರೆದ ಗುರುತು ಕೂಡ ಇದೆ. ಪೋಲಿಯೊದಿಂದ ಸಣಕಲಾದ ಆ ಕೈಯಲ್ಲೇ ಅವರು ಬೌಲ್ ಮಾಡುತ್ತಿದ್ದದ್ದು. ಇರುವೆಗೇನು ಗೊತ್ತು ಪಾಪ.

1974ರ ಮಾರ್ಚ್‌ನದು ಮೂರು ಕಟಿಂಗ್ ಇವೆ. ಮೈಸೂರು ರಾಜ್ಯ ಕರ್ನಾಟಕ ಅಂತ ಆಗಿ ಆರು ತಿಂಗಳೂ ಆಗಿರಲಿಲ್ಲ. ಬೊಂಬಾಯಿ ತಂಡ ಹದಿನೈದು ವರ್ಷ ಬಿಟ್ಟೂಬಿಡದೆ ರಣಜಿ ಗೆದ್ದಿತ್ತು. ಅವರ ಮೇಲೆ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ವಿಶಿ 162 ಹೊಡೆದರು. ನಮ್ಮ ಪ್ರಸನ್ನ ಅವರ ಕಡೆಯ ಗಾವಸ್ಕರ್‌ರನ್ನು ಬೌಲ್ಡ್ ಮಾಡಿದರು. ವಾಡೇಕರ್ ಓಡುವಾಗ ಜಾರಿ ರನೌಟ್ ಆದರು. ಆಮೇಲೆ ಜೈಪುರದಲ್ಲಿ ರಾಜಸ್ಥಾನದ ಮೇಲೆ ಫೈನಲ್ಲೂ ಗೆದ್ದೆವು. ನನಗೆ ಮೊದಲು ಸಿಕ್ಕಿದ್ದು ಫೈನಲ್ ಹಾಳೆ, ಸೆಮಿಫೈನಲ್ ಸಿಕ್ಕಿದ್ದು ಮಳೆಗಾಲ ಶುರುವಾದ ಮೇಲೆ. ಮುಂದಿನ ವರ್ಷ ಜನವರಿಯಲ್ಲಿ ಮದ್ರಾಸಿನ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸಿನ ವೇಗದ ಬೌಲರ್ ಆಂಡಿ ರಾಬರ್ಟ್ಸ್ ಎದುರು ವಿಶಿ 97 ನಾಟೌಟ್. ಇಡೀ ತಂಡದ ಸ್ಕೋರು 190. ನಾನು ಅಂಗಡಿಯಲ್ಲಿ ಕುಣಿದಾಡುತ್ತಿದ್ದರೆ ಅಪ್ಪ ತಲೆ ಎತ್ತದೆ 'ನೂರಕ್ಕೆ ಮೂರು ಕಮ್ಮಿ. ಬಾಕಿ ಅಂತ ಬರಕೋ' ಅಂದರು. ಕ್ರಿಕೆಟ್ ಬಗ್ಗೆ ಅವರು ಆಡಿದ ಮಾತು ಅದೊಂದೇ.

ಇದೆಲ್ಲ ಬಿಸ್ಕತ್ತಿನ ಡಬ್ಬದಲ್ಲಿ ಇತ್ತು. ಪುಸ್ತಕ ಆಗಿದ್ದು 1976ರ ಬೇಸಿಗೆಯಲ್ಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. ಅದೇ ಏಪ್ರಿಲ್‌ನಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ವೆಸ್ಟ್ ಇಂಡೀಸ್ ಮೇಲೆ 403 ರನ್ ಬೆನ್ನತ್ತಿ ಗೆದ್ದಿದ್ದೆವು. ಗಾವಸ್ಕರ್ 102, ವಿಶಿ 112. ನನ್ನ ಅದೃಷ್ಟಕ್ಕೆ ಆ ಹಾಳೆ ಬೇಗ ಸಿಕ್ಕಿತು. ಮೇಷ್ಟ್ರಿಗೆ ವರ್ಗವಾಗಿ, ಹೊರಡುವ ಮುಂಚೆ ಮನೆಯ ಪೇಪರನ್ನೆಲ್ಲ ತೂಕಕ್ಕೆ ಹಾಕಿದರು. ಫೋಟೊ ಆ ಆಟದ್ದಲ್ಲ, ಯಾವುದೋ ಹಳೇದು. ಅದರ ಹಿಂದೆ ಇಪ್ಪತ್ತು ಅಂಶದ ಕಾರ್ಯಕ್ರಮದ ಜಾಹೀರಾತು ಅರ್ಧ ಇತ್ತು. ತುರ್ತು ಪರಿಸ್ಥಿತಿ ಕಾಲ, ಯಾವ ಹಾಳೆ ಮಗುಚಿದರೂ ಅದೇ.

ಅಂಟಿಸಲು ಪುಸ್ತಕ ಬೇಕು ಅಂತ ಕೇಳಿದೆ. ಹೊಸ ನೋಟ್‌ಬುಕ್ ಕೊಡುತ್ತಾರೆ ಅನ್ನೋ ಆಸೆ ಏನೂ ಇರಲಿಲ್ಲ. ಅಪ್ಪ ಒಳಗೆ ಹೋಗಿ ಕೆಂಪು ಬಟ್ಟೆ ಹೊದಿಕೆಯ, ಉದ್ದನೆಯ, ಹಳೇ ಉದ್ರಿ ಪುಸ್ತಕ ತಂದು ಕೊಟ್ಟರು. 'ಇದರಲ್ಲಿ ಅಂಟಿಸು. ಪೂರ್ತಿ ಮುಚ್ಚೋ ಹಾಗೆ ಅಂಟಿಸು. ಎಡೆ ಬಿಡಬೇಡ' ಅಂದರು.

ಅಮ್ಮ ಮೈದಾ ಅಂಟು ಕಾಯಿಸಿ ಕೊಟ್ಟಳು. ಹುಳ ತಿನ್ನಬಾರದು ಅಂತ ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿದಳು. ಅಡಿಕೆ ಮರಕ್ಕೆ ಹೊಡೆಯಲು ಊರಲ್ಲಿ ಎಲ್ಲರ ಮನೆಯಲ್ಲೂ ಇರುತ್ತಿತ್ತಲ್ಲ, ಅದೇ. ನಾನು ಮೂರು ದಿನ ಕೂತು ಅಪ್ಪ ಹೇಳಿದ ಹಾಗೇ ಎಡೆ ಬಿಡದೆ ಅಂಟಿಸಿದೆ. ವಿಶಿ ಸಾಲದೆ ಬಂದಾಗ ಚುನಾವಣೆ ಸುದ್ದಿ, ಪಂಚಾಂಗ, ಸೋಪಿನ ಜಾಹೀರಾತು, ಏನು ಸಿಕ್ಕಿತೋ ಅದು.

ಈಗ ಐವತ್ತು ವರ್ಷ ಆಗಿದೆ. ಟ್ರಂಕಿನಿಂದ ಪುಸ್ತಕ ತೆಗೆದರೆ ಕಟಿಂಗ್‌ಗಳು ಮುಟ್ಟಿದರೆ ಮುರಿಯುತ್ತಿವೆ. ನಮ್ಮ ಪಕ್ಕದ ಮನೆಯವರು ಭದ್ರಾವತಿಯ ಪೇಪರ್‌ಟೌನ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಅವರು ಹೇಳಿದರು: ನ್ಯೂಸ್‌ಪ್ರಿಂಟ್‌ನಲ್ಲಿ ಮರದ ಲಿಗ್ನಿನ್ ಹಾಗೇ ಉಳಿದಿರುತ್ತೆ, ಗಾಳಿ ಬೆಳಕು ತಾಗಿದರೆ ಮೊದಲು ಹಳದಿ, ಆಮೇಲೆ ಕಂದು, ಆಮೇಲೆ ಹಪ್ಪಳ. ಅದು ಒಂದು ದಿನಕ್ಕೆ ಅಂತ ಮಾಡಿದ ಕಾಗದ. ಆದರೆ ಕೆಳಗಿನ ಲೆಡ್ಜರ್ ಕಾಗದ ನೋಡಿ, ಇನ್ನೂ ಗಟ್ಟಿ. ವಿಶಿ ಉದುರುತ್ತಿದ್ದಾರೆ, ಉದ್ರಿ ಉಳಿದಿದೆ ಅಂತ ನಕ್ಕರು.

ಮೊಮ್ಮಗಳಿಗೆ ಮೊದಲು ಕಂಡಿದ್ದು ಬಣ್ಣ. 'ತಾತ, ಇವರ ಪ್ಯಾಂಟು ಯಾಕೆ ನೇರಳೆ?' ಅಂದಳು. ಹೌದಲ್ಲ, ಚೆಪಾಕ್ ಫೋಟೊದಲ್ಲಿ ವಿಶಿ ಅವರ ಬಿಳಿ ಪ್ಯಾಂಟಿನ ಮೇಲೆ ತೆಳ್ಳಗೆ ನೇರಳೆ ಹರಡಿದೆ. ನನಗೆ ಅದು ಯಾವಾಗಲೂ ಹಾಗೇ ಇತ್ತು ಅನ್ನಿಸಿಬಿಟ್ಟಿತ್ತು. ಕಟಿಂಗಿನ ಅಂಚು ಆಗಲೇ ಎದ್ದಿತ್ತು. ಹುಷಾರಾಗಿ ಎತ್ತಿದೆ. ಪೂರ್ತಿ ಎದ್ದು ಬಂತು. ಬೆನ್ನ ಮೇಲೆ ನೇರಳೆ ಅಕ್ಷರ, ಉಲ್ಟಾ.

ಅಪ್ಪ ಲೆಕ್ಕ ಬರೆಯುತ್ತಿದ್ದದ್ದು ಕಾಪಿಯಿಂಗ್ ಪೆನ್ಸಿಲ್‌ನಲ್ಲಿ. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಒಣಗಿದ್ದಾಗ ಮಾಮೂಲಿ ಪೆನ್ಸಿಲ್ ಹಾಗೆ ಬೂದು, ತುದಿಯನ್ನು ನಾಲಿಗೆಗೆ ತಾಗಿಸಿ ಬರೆದರೆ ನೇರಳೆ, ಅಳಿಸಲು ಆಗಲ್ಲ. ಅಪ್ಪನ ನಾಲಿಗೆ ತುದಿ ಸದಾ ನೇರಳೆ ಇರುತ್ತಿತ್ತು. ಆ ಬರಹದ ಮೇಲೆ ಒದ್ದೆ ಕಾಗದ ಒತ್ತಿದರೆ ಅಕ್ಷರ ಅದಕ್ಕೆ ಇಳಿಯುತ್ತೆ. ಅದಕ್ಕೇ ಆ ಹೆಸರು. ನಾನು ಮೈದಾ ಅಂಟು ಬಳಿದು ಒತ್ತಿದ್ದೆನಲ್ಲ, ಊರಿನ ಉದ್ರಿ ಎಲ್ಲ ವಿಶಿ ಬೆನ್ನಿಗೆ ಇಳಿದಿದೆ.

ಮೊಮ್ಮಗಳು ಕನ್ನಡಿ ತಂದಳು. ನಮಗೆ ಕನ್ನಡಿಯ ಅಗತ್ಯ ಇರಲಿಲ್ಲ, ಕೆಳಗಿನ ಪುಟದಲ್ಲೇ ಎಲ್ಲ ಸರಿಯಾಗಿ ಇತ್ತು. ಆದರೂ ಅವಳು ಕನ್ನಡಿಯಲ್ಲೇ ಓದಿದಳು. 'ಗಾಡಿಯವರು, ಸೀಮೆಎಣ್ಣೆ 1 ಬಾಟ್ಲಿ, ಬೀಡಿ 2 ಕಟ್ಟು. ಸೂಲಗಿತ್ತಿ ಅಜ್ಜಿ, ಕೊಬ್ರಿ ಅರ್ಧ ಬಟ್ಲು, ಬೆಲ್ಲ 1 ಅಚ್ಚು, ಮೆಂತ್ಯ.' ಇದು ಯಾರದೋ ಬಾಣಂತನದ ಸಾಮಾನು ಅಂತ ನನ್ನ ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು. ತಾರೀಕು ಇತ್ತು, 1967ರದು. ಆ ವಾರ ಊರಲ್ಲಿ ಯಾರಿಗೆ ಮಗು ಆಗಿರಬಹುದು ಅಂತ ಲೆಕ್ಕ ಹಾಕುತ್ತಾ ಆ ರಾತ್ರಿ ಟೀವಿ ಹಾಕಲು ಮರೆತೆವು.

ನಾನು ಉಳಿಸಬೇಕು ಅಂತ ಅಂಟಿಸಿದ್ದು ಈಗ ಮೊಮ್ಮಗಳ ಅಪ್ಪನ ಫೋನಿನಲ್ಲೇ ಸಿಗುತ್ತೆ. ಕಾನ್ಪುರ, ಚೆಪಾಕ್, ಎಲ್ಲದರ ಸ್ಕೋರು ಇದೆಯಂತೆ. ಮುಚ್ಚಬೇಕು ಅಂತ ಅಪ್ಪ ಕೊಟ್ಟದ್ದು ಎಲ್ಲೂ ಸಿಗಲ್ಲ.

ಅಪ್ಪ ಯಾಕೆ ಮುಚ್ಚಿಸಿದರು? ನೋಡುತ್ತಾ ಹೋದರೆ ಆ ಪುಸ್ತಕದಲ್ಲಿ ತೀರಿದ ಲೆಕ್ಕ ಕಮ್ಮಿ, ತೀರದ್ದೇ ಜಾಸ್ತಿ. ತೀರಿದರೆ ಅಡ್ಡ ಗೆರೆ ಎಳೆಯುತ್ತಿದ್ದರು. ಗೆರೆ ಇರುವ ಪುಟ ಹತ್ತೋ ಹನ್ನೆರಡೋ. ನನ್ನ ತಂಗಿ ಹೇಳುವುದು, ಅಪ್ಪ ಧರ್ಮಾತ್ಮ, ಬಡವರ ಸಾಲ ಬಿಟ್ಟುಬಿಟ್ಟರು ಅಂತ. ನನಗೆ ಅಷ್ಟು ನಂಬಿಕೆ ಇಲ್ಲ. ಅದೇ 1976ರಲ್ಲಿ ದೇವರಾಜ ಅರಸು ಸರ್ಕಾರ ಋಣ ಪರಿಹಾರ ಕಾಯ್ದೆ ತಂದಿತ್ತು. ಸಣ್ಣ ರೈತರ, ಕೂಲಿಯವರ ಸಾಲ ಮನ್ನಾ. ಸಾಲ ಕೊಟ್ಟವರೆಲ್ಲ ಗಾಬರಿಯಲ್ಲಿದ್ದರು. ಅಂಗಡಿ ಉದ್ರಿಗೂ ಅದು ಬರುತ್ತೋ ಇಲ್ಲವೋ ಅಂತ ನಮ್ಮಪ್ಪನಂಥವರಿಗೆ ಹೇಳುವವರು ಯಾರು? ಪುಸ್ತಕ ಕಣ್ಣಿಗೆ ಬೀಳದಿದ್ದರೆ ಒಳ್ಳೆಯದು ಅಂದುಕೊಂಡಿರಬಹುದು. ಅಥವಾ ಬರೀ ಜುಗ್ಗತನ. ಹೊಸ ಪುಸ್ತಕಕ್ಕೆ ದುಡ್ಡು ಯಾಕೆ ಅಂತ. ಮೂರೂ ಇರಬಹುದು. ಕೇಳೋಣ ಅಂದರೆ ಅವರು ಹೋಗಿ ಮೂವತ್ತು ವರ್ಷದ ಮೇಲಾಯಿತು.

ಇಷ್ಟಕ್ಕೆ ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಮುಂದಿನ ಸಂತೆಯಲ್ಲಿ ನಮ್ಮ ಹಳ್ಳಿಯವರೇ ಒಬ್ಬರು ಸಿಕ್ಕಿದರು. ನನಗಿಂತ ಮೂರ್ನಾಲ್ಕು ವರ್ಷ ಚಿಕ್ಕವರು. ತಮಾಷೆಗೆ ಅಂತ, 'ನಿಮ್ಮಜ್ಜಿಯ ಬಾಕಿ ನಮ್ಮಂಗಡಿಯಲ್ಲಿ 2 ರೂಪಾಯಿ 15 ಪೈಸೆ ಇದೆ ಕಣ್ರೀ' ಅಂದುಬಿಟ್ಟೆ. ಅವರ ಮುಖ ಕೆಂಪಾಯಿತು. 'ಈಗ ವಸೂಲಿಗೆ ಬಂದಿರೇನು?' ಅಂದರು. ಸುತ್ತ ನಾಲ್ಕು ಜನ ತಿರುಗಿ ನೋಡಿದರು. ನಾನು ಸೊಪ್ಪು ತಗೊಳ್ಳೋದು ಬಿಟ್ಟು ಮನೆಗೆ ಬಂದೆ. ತಪ್ಪು ನನ್ನದೇ. ಒಬ್ಬರ ಮನೆ ಬಡತನವನ್ನು ಸಂತೆಯಲ್ಲಿ ನಿಂತು ಓದಿ ಹೇಳುವುದು ತಮಾಷೆಯೇ?

ಮೂರನೇ ದಿನ ಅವರೇ ಮನೆಗೆ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದವರು ಕೂರಲಿಲ್ಲ. 'ಎಲ್ಲಿ, ತೋರಿಸಿ' ಅಂದರು. ಪುಟ ತೆಗೆದು ಕೊಟ್ಟೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಎಲೆ ಅಡಿಕೆ, ಹೊಗೆಸೊಪ್ಪು, ಬತ್ತಾಸು 5 ಪೈಸೆ. ಮುಂದಿನ ವಾರ ಎಲೆ ಅಡಿಕೆ, ಉಪ್ಪು, ಬತ್ತಾಸು 5 ಪೈಸೆ. ಅದರ ಮುಂದಿನ ವಾರ ಹೊಗೆಸೊಪ್ಪು ಇಲ್ಲ, ಬತ್ತಾಸು ಇದೆ. ಹೀಗೆ ಎರಡು ಪುಟ.

'ಬತ್ತಾಸು ನನಗೆ' ಅಂದರು.

ಆಮೇಲೆ ಕೂತರು. ಕಾಫಿ ಕುಡಿದರು. ಅಜ್ಜಿಯದು ಒಂದು ಫೋಟೊ ಕೂಡ ಇಲ್ಲವಂತೆ. ಆಗೆಲ್ಲ ಯಾರು ತೆಗೆಸುತ್ತಿದ್ದರು? ಹೋಗುವಾಗ ಮೊಬೈಲಿನಲ್ಲಿ ಆ ಎರಡು ಪುಟದ ಫೋಟೊ ತೆಗೆದುಕೊಂಡರು. ಒಂದು ಸರಿಯಾಗಿ ಬರಲಿಲ್ಲ ಅಂತ ಬಾಗಿಲವರೆಗೆ ಹೋದವರು ವಾಪಸ್ ಬಂದು ಇನ್ನೊಮ್ಮೆ ತೆಗೆದರು. ಎರಡು ರೂಪಾಯಿ ಹದಿನೈದು ಪೈಸೆ ಕೊಡುತ್ತೇನೆ ಅಂತ ಅವರೂ ಅನ್ನಲಿಲ್ಲ, ಬೇಡ ಅಂತ ನಾನೂ ಅನ್ನಲಿಲ್ಲ.

ಈಗ ಕೋರಿಕೆಗೆ ಬರುತ್ತೇನೆ. ನಾನು ಅಂಚೆ ಇಲಾಖೆಯಲ್ಲಿ 38 ವರ್ಷ ಕೆಲಸ ಮಾಡಿದವನು. ಬೆಳಗ್ಗೆ ಎದ್ದರೆ ಠಸ್ಸೆಯ ತಾರೀಕು ಬದಲಾಯಿಸುವುದೇ ಮೊದಲ ಕೆಲಸ. ತಾರೀಕು ಇಲ್ಲದ ಕಾಗದ ನನ್ನ ಕೈಯಿಂದ ದಾಟಿದ್ದಿಲ್ಲ. ಹಾಗಿದ್ದೂ ನನ್ನದೇ ಪುಸ್ತಕದಲ್ಲಿ ಅರ್ಧಕ್ಕರ್ಧ ಕಟಿಂಗ್‌ಗಳಿಗೆ ತಾರೀಕಿಲ್ಲ. ಅಪ್ಪನ ಲೆಕ್ಕಕ್ಕೆ ಇದೆ, ನನ್ನ ವಿಶಿಗೆ ಇಲ್ಲ. ಯಾಕೆಂದರೆ ಪೇಪರಿನವರು ತಾರೀಕು ಹಾಕುವುದು ಪುಟದ ನೆತ್ತಿಯಲ್ಲಿ. ಸುದ್ದಿ ಕತ್ತರಿಸಿದರೆ ನೆತ್ತಿ ಅಲ್ಲೇ ಉಳಿಯುತ್ತೆ. ಸುದ್ದಿಯ ಕೊನೇ ಸಾಲಿನ ಪಕ್ಕ, ಇರುವೆ ಅಕ್ಷರದಲ್ಲಿ ಆದರೂ ಸರಿ, ತಾರೀಕು ಹಾಕಲು ಆಗುತ್ತಾ? ಜಾಗ ಇಲ್ಲ ಅನ್ನುತ್ತೀರಿ, ಗೊತ್ತು. ಕೇಳುವುದರಲ್ಲಿ ತಪ್ಪೇನು. ಇನ್ನೂ ಕತ್ತರಿ ಹಿಡಿಯುವವರು ಇದ್ದೇವೆ. ಜಾಸ್ತಿ ಇಲ್ಲ, ಇದ್ದೇವೆ.

ಶಾಲೆಯವರಿಗೂ ಒಂದು ಮಾತು. ಸ್ಕ್ರ್ಯಾಪ್ ಬುಕ್ ಮಾಡಿಸಿ, ಒಳ್ಳೆಯದೇ. ಆದರೆ ಜೆರಾಕ್ಸ್ ಅಂಗಡಿಯ ಪ್ರಿಂಟ್‌ಗೆ ಮಾರ್ಕ್ಸ್ ಕೊಡಬೇಡಿ. ಮನೆಯಲ್ಲಿ ಇರುವುದನ್ನು ಅಂಟಿಸಿ ಅನ್ನಿ. ಬಸ್ ಟಿಕೆಟ್, ರೇಷನ್ ಚೀಟಿ, ಔಷಧಿ ಬಿಲ್ಲು, ಮದುವೆ ಕಾಗದ. ಗಲೀಜಾಗಿ ಕಾಣುತ್ತೆ, ಕಾಣಲಿ. ಈಗಿನ ಬಿಲ್ಲುಗಳ ಅಕ್ಷರ ವರ್ಷದೊಳಗೇ ಮಾಸುತ್ತೆ, ಹಾಗಾಗಿ ಮಕ್ಕಳ ಕೈಯಲ್ಲೇ ಅದನ್ನು ಪಕ್ಕದಲ್ಲಿ ಬರೆಸಿ. ನನ್ನ ಮೊಮ್ಮಗಳು ತನ್ನ ಪುಸ್ತಕದ ಕೊನೇ ಪುಟದಲ್ಲಿ ಕಾಪಿಯಿಂಗ್ ಪೆನ್ಸಿಲ್ ಅಕ್ಷರದ ಒಂದು ಚೂರು ಅಂಟಿಸಿದ್ದಾಳೆ. ವಿಷಯಕ್ಕೆ ಸಂಬಂಧ ಇಲ್ಲ ಅಂತ ಟೀಚರು ಕೆಂಪು ಗೆರೆ ಎಳೆದು ಕಳಿಸಿದರು. ನಮ್ಮಪ್ಪನ ಪದ್ಧತಿಯಲ್ಲಿ ಅದರ ಅರ್ಥ ಲೆಕ್ಕ ತೀರಿತು ಅಂತ. ಅವಳಿಗೆ ಹಾಗೇ ಹೇಳಿ ಸಮಾಧಾನ ಮಾಡಿದೆ.

ಪತ್ರ ಉದ್ದವಾಯಿತು. ಕತ್ತರಿಸುವುದಾದರೆ ಕ್ರಿಕೆಟ್ ಕತ್ತರಿಸಿ, ಬತ್ತಾಸು ಬಿಡಿ.

ಇನ್ನೊಂದೇ ಒಂದು ಪುಟ ಬಾಕಿ ಇದೆ. ಪೋರ್ಟ್ ಆಫ್ ಸ್ಪೇನ್ ಪುಟ. ಅದು ಮಾತ್ರ ಇನ್ನೂ ಗಟ್ಟಿಯಾಗಿ ಅಂಟಿಕೊಂಡಿದೆ. ಬಲಗಡೆ ಕೆಳಗಿನ ಮೂಲೆ ಒಂದು ಬೆರಳಗಲ ಎದ್ದು, ಒಳಗೆ 'ಮೇಷ್ಟ್ರು' ಅನ್ನುವ ಹಾಗೆ ಏನೋ ಕಾಣುತ್ತೆ. ಅಥವಾ 'ಮೇಸ್ತ್ರಿ' ಇರಬಹುದು. ಕುದಿಯುವ ನೀರಿನ ಹಬೆ ಹಿಡಿದರೆ ಎದ್ದು ಬರುತ್ತೆ ತಾತ ಅನ್ನುತ್ತಾಳೆ ಮೊಮ್ಮಗಳು. ಎದ್ದು ಬರುತ್ತೆ, ನಿಜ, ಆದರೆ 112 ಚೂರುಚೂರಾಗುತ್ತೆ. ಆ ಹಾಳೆಗೆ ನೂರು ಪೊಟ್ಟಣ ಸುತ್ತಿದ ಬೆರಳು ನನ್ನದು. ಶನಿವಾರ ಶಾಲೆ ಬಿಟ್ಟು ಬಂದ ಮೇಲೆ ನೋಡೋಣ ಅಂತ ಹೇಳಿದ್ದೇನೆ. ಅಲ್ಲಿವರೆಗೆ ಆ ಮೂಲೆ ಏಳದಿರಲಿ ಅಂತ ಅಪ್ಪನ ಅಂಗಡಿಯ ಅರ್ಧ ಕೆಜಿ ತೂಕದ ಕಲ್ಲು ಇಟ್ಟಿದ್ದೇನೆ.

ಇಂತಿ,
ನಿಮ್ಮ ಹಳೇ ಓದುಗ,
ತರೀಕೆರೆ